ಒಂಬತ್ತು ಕಿಲೋಮೀಟರು, ಹದಿನಾಲ್ಕು ವರ್ಷ

ಊರಿಗೆ ಹೊರಟ ಗಾಡಿ ಠಾಣೆ ಬಿಟ್ಟು, ಪಾರ್ಸಿಕ್ ಸುರಂಗದ ಕತ್ತಲೆ ದಾಟಿ, ದಿವಾದಲ್ಲಿ ಪನವೇಲಿನ ಹಾದಿಗೆ ಹೊರಳುವಾಗ ನಮ್ಮವರ ಮುಖದ ಮೇಲೆ ಒಂದು ಬಗೆಯ ಗೆಲವು ಕಾಣುತ್ತದೆ. ಬುತ್ತಿ ಬಿಚ್ಚುವವರು ಅಲ್ಲಿಯೇ ಬಿಚ್ಚುತ್ತಾರೆ. ರೋಹಾದಿಂದ ಮಂಗಳೂರ ಸಮೀಪದ ತೋಕೂರಿನವರೆಗೆ 741 ಕಿಲೋಮೀಟರು ಉದ್ದದ ಕೊಂಕಣ ರೇಲ್ವೆ ಇಲ್ಲದಿದ್ದ ಕಾಲದಲ್ಲಿ, ಘಟ್ಟ ಹತ್ತಿಳಿಯುವ ಬಸ್ಸುಗಳಲ್ಲಿ ಮೈ ನುಜ್ಜುಗುಜ್ಜಾಗಿಸಿಕೊಂಡು ಊರು ಸೇರಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಹಾದಿಯನ್ನು ಕಟ್ಟುವುದಕ್ಕೆಂದೇ ನಿಗಮವೊಂದು ಹುಟ್ಟಿದ್ದು 1990ರಲ್ಲಿ. 1998ರ ಜನವರಿ 26ರಂದು ಇಡಿಯ ಮಾರ್ಗ ಸಂಚಾರಕ್ಕೆ ತೆರೆಯಿತು. ತೊಂಬತ್ತಕ್ಕೂ ಮಿಕ್ಕಿದ ಸುರಂಗಗಳು, ಸುಮಾರು 2000 ಸೇತುವೆಗಳು, ಮಳೆ ಬಂದರೆ ಜರಿಯುವ ಗುಡ್ಡಗಳು, ಇವನ್ನೆಲ್ಲ ಗೆದ್ದು ಕೆಲಸ ಮುಗಿಸಲು ಎಂಟು ವರ್ಷ ಸಾಕಾಯಿತು.

ಅದೇ ಗಾಡಿ ಹಾದು ಹೋಗುವ ಠಾಣೆ ಮತ್ತು ದಿವಾಗಳ ನಡುವಿನ ದೂರ ಸುಮಾರು 9 ಕಿಲೋಮೀಟರು. ಅಲ್ಲಿ ಐದನೆಯ ಮತ್ತು ಆರನೆಯ ಹಳಿಗಳನ್ನು ಹಾಕುವ ಯೋಜನೆ ಮಂಜೂರಾದುದು 2008ರಲ್ಲಿ. ಹಳಿಗಳು ಸಂಚಾರಕ್ಕೆ ಸಿಕ್ಕಿದ್ದು 2022ರ ಫೆಬ್ರವರಿಯಲ್ಲಿ. ಹದಿನಾಲ್ಕು ವರ್ಷ! ಶ್ರೀರಾಮನ ವನವಾಸ ಮುಗಿಯುವಷ್ಟು ಕಾಲ. ರಾಮನಿಗಾದರೂ ತನ್ನ ಅವಧಿ ಎಂದಿಗೆ ಮುಗಿಯುವುದೆಂದು ಮೊದಲ ದಿನವೇ ಗೊತ್ತಿತ್ತು. ಡೊಂಬಿವಲಿಯ ಪ್ರಯಾಣಿಕನಿಗೆ ಅದೂ ಗೊತ್ತಿರಲಿಲ್ಲ. ಪ್ರತಿ ವರ್ಷವೂ ಹೊಸ ಗಡುವು, ಪ್ರತಿ ಗಡುವಿಗೂ ಹೊಸ ಕಾರಣ.

ನಾವು ಅನ್ಯಾಯದ ಮಾತು ಆಡಲಾರೆವು. ಬರಿಯ ಗುಡ್ಡದಲ್ಲಿ ಹಾದಿ ಕೊರೆಯುವುದು ಬೇರೆ, ಹಗಲಿರುಳು ಲೋಕಲ್ ಗಾಡಿಗಳು ಓಡುತ್ತಿರುವ ಹಳಿಗಳ ಪಕ್ಕದಲ್ಲಿ, ಜನರ ಮನೆಮಾರುಗಳ ಮಗ್ಗುಲಲ್ಲಿ, ಖಾಡಿಯ ಕೆಸರಿನಲ್ಲಿ ಹಳಿ ಜೋಡಿಸುವುದು ಬೇರೆ. ಒಂದು ರಾತ್ರಿ ಕೆಲಸ ಮಾಡಬೇಕಾದರೂ ಗಾಡಿಗಳನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಕೂಗುವವರೂ ನಾವೇ. ಆ ಹಳಿಗಳಿಗಾಗಿ 1.4 ಕಿಲೋಮೀಟರಿನ ಮೇಲುಸೇತುವೆಯನ್ನೂ ಕಟ್ಟಬೇಕಾಯಿತೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಹಳಿಯ ಮೇಲೆ ಬಿಸಿಲಿನಲ್ಲಿ ನಿಂತು ದುಡಿದವರು ನಮ್ಮಂಥ ಕೂಲಿಗಳೇ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಕಷ್ಟವೆಂಬುದು ಮೊದಲ ದಿನದಿಂದಲೂ ಗೊತ್ತಿದ್ದ ವಿಷಯವಲ್ಲವೇ? ಗೊತ್ತಿದ್ದೂ ಹುಸಿ ಗಡುವು ಕೊಟ್ಟುದೇಕೆ? ಕಾರ್ಮಿಕನಿಗೆ ಕೊಟ್ಟ ಮಾತಿಗೆ ಬೆಲೆಯಿಲ್ಲ ಎಂಬ ಧೈರ್ಯದಿಂದ ತಾನೆ?

ಈ ಹಳಿಗಳು ಯಾರಿಗೆ ಬೇಕಾಗಿದ್ದವು ಎಂಬುದನ್ನು ಮರೆಯಬಾರದು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಬಳಿಕ ಲಾಲಬಾಗ, ಪರೇಲಿನ ಚಾಳುಗಳನ್ನು ಬಿಟ್ಟ ಎಷ್ಟೋ ಸಂಸಾರಗಳು ಡೊಂಬಿವಲಿ, ಕಲ್ಯಾಣಗಳಿಗೆ ಬಂದು ನೆಲೆಸಿದವು. ಫೋರ್ಟು, ದಾದರುಗಳ ಹೋಟೆಲುಗಳಲ್ಲಿ ಮಲಗಿ ಎದ್ದು ದುಡಿದ ನಮ್ಮ ಹುಡುಗರು ಮದುವೆಯಾಗಿ ಒಂದು ಖೋಲಿ ಹುಡುಕಬೇಕಾದಾಗ ಹಿಡಿದದ್ದೂ ಇದೇ ದಾರಿಯನ್ನು. ಕೈಗೆಟಕುವ ಬಾಡಿಗೆ ಇಲ್ಲಿತ್ತು, ದುಡಿಮೆ ಅಲ್ಲಿತ್ತು. ಇವೆರಡರ ನಡುವೆ ಇದ್ದುದು ಈ ಹಳಿ ಒಂದೇ.

ನಸುಕಿನಲ್ಲಿ ಒಲೆ ಹಚ್ಚಬೇಕಾದ ಅಡುಗೆಯವನು ಮೂರೂವರೆಗೆ ಎದ್ದು ದಿವಾದ ಪ್ಲಾಟುಫಾರಮಿನಲ್ಲಿ ನಿಲ್ಲುತ್ತಾನೆ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಹೊರಡುವ ಸಪ್ಲಾಯರನಿಗೆ ಕೊನೆಯ ಗಾಡಿ ತಪ್ಪಿದರೆ ಹೋಟೆಲಿನ ಬೆಂಚೇ ಗತಿ. ಸರಿಯಾದ ಹಳಿ, ಸಾಕಷ್ಟು ಗಾಡಿ ಇಲ್ಲದ ಕಾರಣಕ್ಕೆ ದಿನಕ್ಕೆ ಒಂದೇ ತಾಸು ಹಾಳಾಯಿತೆಂದು ಹಿಡಿಯಿರಿ. ವರ್ಷಕ್ಕೆ 300 ದಿನದ ದುಡಿಮೆಯೆಂದರೆ 300 ತಾಸು. ಹದಿನಾಲ್ಕು ವರ್ಷಕ್ಕೆ 4200 ತಾಸು. ಎಂಟು ತಾಸಿನ ಪಾಳಿಯ ಲೆಕ್ಕದಲ್ಲಿ ಇದು 525 ಪಾಳಿಗಳು. ಒಬ್ಬೊಬ್ಬ ಕಾರ್ಮಿಕನಿಂದ 525 ಪಾಳಿಗಳನ್ನು ಸಂಬಳವಿಲ್ಲದೆ ದುಡಿಸಿಕೊಂಡ ಮಾಲಿಕನೊಬ್ಬ ಇದ್ದಿದ್ದರೆ ನಾವು ಅವನ ಬಾಗಿಲಿಗೆ ಬಾವುಟ ಹಿಡಿದು ಹೋಗುತ್ತಿರಲಿಲ್ಲವೇ?

ತಾಸುಗಳಾದರೂ ಹೋಗಲಿ. ಮುಂಬಯಿಯ ಲೋಕಲ್ ಹಾದಿಗಳ ಮೇಲೆ 2023ರಲ್ಲಿ 2,590 ಜನ ಪ್ರಾಣ ಕಳೆದುಕೊಂಡರೆಂಬ ಲೆಕ್ಕ ಉಚ್ಚ ನ್ಯಾಯಾಲಯದ ಮುಂದೆ ಬಂತು. ಅಂದರೆ ದಿನಕ್ಕೆ ಏಳು. ಮನುಷ್ಯರನ್ನು ದನಗಳಂತೆ ಸಾಗಿಸಲಾಗುತ್ತಿದೆಯೆಂದು 2024ರ ಜೂನಿನಲ್ಲಿ ನ್ಯಾಯಾಲಯವೇ ನೊಂದು ನುಡಿಯಿತು. ಅದಾಗಿ ವರ್ಷ ತುಂಬುವ ಮೊದಲೇ, 2025ರ ಜೂನ್ 9ರ ಬೆಳಿಗ್ಗೆ, ಮುಂಬ್ರಾದ ಬಳಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದವರು ಒಬ್ಬರಿಗೊಬ್ಬರು ತಾಗಿ ಕೆಳಗುರುಳಿದರು. ನಾಲ್ವರು ಅಂದೇ ಅಸು ನೀಗಿದರು. ಹೊಸ ಗಾಡಿಗಳಿಗೆ ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು ಇಡಿಸುವೆವೆಂದು ರೇಲ್ವೆಯವರು ಅದೇ ದಿನ ಸಾರಿದರು. ಬಾಗಿಲು ಬರಲಿ, ಬೇಡವೆನ್ನುವವರಾರು? ಆದರೆ ಒಳಗೆ ಕಾಲಿಡಲು ತಾವಿಲ್ಲದುದರಿಂದ ಬಾಗಿಲಲ್ಲಿ ನಿಂತವನಿಗೆ ಬಾಗಿಲು ಮುಚ್ಚಿದರೆ ಅವನು ಪ್ಲಾಟುಫಾರಮಿನಲ್ಲಿಯೇ ಉಳಿಯುತ್ತಾನೆ. ಅವನ ಹಾಜರಿಯನ್ನು ಹಾಕುವವರು ಯಾರು?

ಹೊಸ ಹಳಿಗಳ ಮೇಲೆ ಏನು ಓಡಿತು ಎಂಬುದನ್ನೂ ನೋಡೋಣ. 2022ರಲ್ಲಿ ಹೊಸದಾಗಿ 36 ಲೋಕಲ್ ಓಡಾಟಗಳನ್ನು ಸೇರಿಸಲಾಯಿತು. ಅವುಗಳಲ್ಲಿ 34 ಹವಾನಿಯಂತ್ರಿತ ಗಾಡಿಗಳು! ಹದಿನಾಲ್ಕು ವರ್ಷ ಕಾದವನು ಎರಡನೆಯ ದರ್ಜೆಯ ಪಾಸಿನವನು. ಹತ್ತಿದವನು ಹೆಚ್ಚಿನ ದರ ಕೊಡಬಲ್ಲವನು. ತಂಪು ಗಾಡಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಎಲೆ ಹಾಸಿ ಕೂತವನನ್ನು ಬಿಟ್ಟು ಆಮೇಲೆ ಬಂದವನಿಗೆ ಬಡಿಸಿದರೆ ನಮ್ಮ ಹೋಟೆಲುಗಳಲ್ಲಿ ಗಿರಾಕಿ ಸುಮ್ಮನಿರುತ್ತಾನೆಯೇ ಎಂದಷ್ಟೇ ಕೇಳುತ್ತೇವೆ. ಇನ್ನು ಕುರ್ಲಾದಿಂದ ಛತ್ರಪತಿ ಶಿವಾಜಿ ಟರ್ಮಿನಸಿನವರೆಗಿನ ಐದನೆಯ, ಆರನೆಯ ಹಳಿಗಳೂ 2008ರಲ್ಲಿಯೇ ಮಂಜೂರಾದವು. 2025 ಕಳೆದರೂ ಅವು ಮುಗಿಯಲಿಲ್ಲ.

ಹಳಿಯ ಕಥೆ ಹೀಗಾದರೆ ರಸ್ತೆಯದು ಬೇರೆಯಲ್ಲ. ಕಲ್ಯಾಣದ ಪತ್ರಿ ಪೂಲು ನೂರು ವರ್ಷ ದಾಟಿದ ಸೇತುವೆ. 2018ರ ನವೆಂಬರಿನಲ್ಲಿ ಅದನ್ನು ಕೆಡವಿದರು, ಅದರ ಜಾಗದಲ್ಲಿ ಹೊಸತು ತೆರೆದುದು 2021ರ ಜನವರಿಯಲ್ಲಿ. ಡೊಂಬಿವಲಿಯ ಪೂರ್ವ ಪಶ್ಚಿಮಗಳನ್ನು ಜೋಡಿಸುವ ಕೋಪರ್ ಸೇತುವೆ 2019ರ ಸೆಪ್ಟೆಂಬರಿನಿಂದ 2021ರ ಸೆಪ್ಟೆಂಬರಿನವರೆಗೆ ಮುಚ್ಚಿತ್ತು. ನಡುವೆ ಮಹಾಮಾರಿ ಬಂದುದನ್ನು ಒಪ್ಪೋಣ. ಆದರೆ ಶೀಳ್ ರಸ್ತೆಯ ಪಲಾವಾ ಸೇತುವೆಗೆ ಯಾವ ಮಾರಿ ಬಡಿದಿತ್ತು? ವರ್ಷಗಟ್ಟಲೆ ಕಾಯಿಸಿ 2025ರ ಜುಲೈ 4ರಂದು ತೆರೆದರು. ವಾಹನಗಳು ಜಾರತೊಡಗಿದುವೆಂದು ಕೆಲವೇ ತಾಸುಗಳಲ್ಲಿ ಮುಚ್ಚಿ ಮತ್ತೆ ದುರಸ್ತಿಗೆ ಕೈ ಹಾಕಿದರು. ಠಾಣೆ, ಭಿವಂಡಿ, ಕಲ್ಯಾಣಗಳನ್ನು ಕೂಡಿಸುವ ಮೆಟ್ರೋವಿಗೆ 2018ರ ಡಿಸೆಂಬರಿನಲ್ಲಿ ಕಲ್ಯಾಣದಲ್ಲಿಯೇ ಪ್ರಧಾನಮಂತ್ರಿಗಳ ಕೈಯಿಂದ ಶಿಲಾನ್ಯಾಸವಾಯಿತು. ಏಳು ವರ್ಷ ತುಂಬಿದ ದಿನವೂ ಅದರಲ್ಲಿ ಒಬ್ಬ ಪ್ರಯಾಣಿಕನೂ ಕುಳಿತಿರಲಿಲ್ಲ.

ನವಿ ಮುಂಬಯಿಯದು ಇನ್ನೊಂದು ಬಗೆಯ ಕಥೆ. ಬೇಲಾಪುರದಿಂದ ಪೇಂಧರಿಗೆ ಹೋಗುವ 11 ಕಿಲೋಮೀಟರಿನ ಮೆಟ್ರೋ ಕೆಲಸ 2011ರ ಮೇ 1ರಂದು, ಕಾರ್ಮಿಕರ ದಿನದಂದೇ, ಆರಂಭವಾಯಿತು. ಜನ ಅದರಲ್ಲಿ ಕುಳಿತದ್ದು 2023ರ ನವೆಂಬರ್ 17ರಂದು. ವರ್ಷಕ್ಕೆ ಒಂದು ಕಿಲೋಮೀಟರೂ ಆಗಲಿಲ್ಲ. ಅದರಲ್ಲಿಯೂ ಮನಸ್ಸಿಗೆ ಹೆಚ್ಚು ನೋವಾಗುವ ಸಂಗತಿಯೆಂದರೆ, ಸುರಕ್ಷತೆಯ ಒಪ್ಪಿಗೆ ಅದೇ ವರ್ಷ ಜೂನಿನಲ್ಲಿಯೇ ಕೈಸೇರಿತ್ತು. ಗಾಡಿ ಸಿದ್ಧ, ನಿಲ್ದಾಣ ಸಿದ್ಧ. ಸಿದ್ಧವಾಗದೆ ಇದ್ದುದು ಸಮಾರಂಭದ ಮುಹೂರ್ತ ಮಾತ್ರ. ಕೊನೆಗೆ ಸಮಾರಂಭವಿಲ್ಲದೆಯೇ ತೆರೆದರು, ಆಕಾಶವೇನೂ ಕಳಚಿ ಬೀಳಲಿಲ್ಲ. ದಿಘಾಗಾವ್ ನಿಲ್ದಾಣವೂ ಮುಗಿದ ಬಳಿಕ ತಿಂಗಳುಗಟ್ಟಲೆ ಬೀಗ ಹಾಕಿಸಿಕೊಂಡು ನಿಂತಿತ್ತು; 2024ರ ಜನವರಿ 12ರಂದು ಉದ್ಘಾಟನೆಯಾಯಿತು. ಕಲ್ಯಾಣದ ಗಾಡಿಗಳನ್ನು ಠಾಣೆಯ ನೂಕುನುಗ್ಗಲಿಗೆ ತಾರದೆ ನೇರವಾಗಿ ವಾಶಿಗೆ ಒಯ್ಯಬೇಕಾಗಿದ್ದ ಕಳವಾ ಐರೋಳಿ ಹಳಿಯಂತೂ ಗುಡಿಸಲುಗಳಲ್ಲಿ ಇರುವವರ ಪುನರ್ವಸತಿಯ ಪ್ರಶ್ನೆಯಲ್ಲಿ ಸಿಕ್ಕಿಬಿದ್ದಿತು. ಅವರನ್ನು ಎತ್ತಿ ಎಸೆಯಿರೆಂದು ನಾವು ಎಂದಿಗೂ ಹೇಳೆವು, ಅವರೂ ದುಡಿಯುವ ಜನರೇ. ಮೊದಲು ಮನೆ ಕೊಟ್ಟು ಆಮೇಲೆ ಜಾಗ ಕೇಳಿದ್ದರೆ ಈ ವಿಳಂಬ ಏಕೆ ಆಗುತ್ತಿತ್ತು?

ಇಷ್ಟನ್ನು ಸರಕಾರಕ್ಕೆ ಹೇಳಿದ ಮೇಲೆ ನಮ್ಮವರಿಗೂ ಎರಡು ಮಾತು ಹೇಳದಿದ್ದರೆ ಬರಹ ಅರ್ಧವಾಗುತ್ತದೆ.

ಹೋಟೆಲು ಮಾಲಿಕರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಮೋರಿಯ ಬಳಿ ನಿಂತು ಬಸಿ ತೊಳೆದವರೇ. ಮಳೆಗಾಲದಲ್ಲಿ ಹಳಿ ಮುಳುಗಿ ಗಾಡಿ ನಿಂತ ದಿನ, ಠಾಣೆಯಿಂದ ನಡೆದು ಬಂದವನ ಅರ್ಧ ದಿನದ ಸಂಬಳಕ್ಕೆ ಕತ್ತರಿ ಹಾಕುವ ಕೈ ಅವರದೆಂದು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಎಲ್ಲರೂ ಹಾಗಿಲ್ಲ, ರಾತ್ರಿ ತಡವಾದರೆ ಮಲಗಲು ಜಾಗ, ಉಣ್ಣಲು ಊಟ ಕೊಡುವವರೂ ಇದ್ದಾರೆ. ಆದರೆ ಗಾಡಿ ತಡವಾದುದು ಗಾಡಿಯ ತಪ್ಪು, ಆಳಿನದಲ್ಲ ಎಂಬ ಒಂದು ವಾಕ್ಯವನ್ನು ಎಲ್ಲ ಹಾಜರಿ ಪುಸ್ತಕಗಳ ಮೊದಲ ಪುಟದಲ್ಲಿ ಬರೆಸಬೇಕಾಗಿದೆ.

ನಮ್ಮ ಸಂಘ ಸಂಸ್ಥೆಗಳ ವಾರ್ಷಿಕೋತ್ಸವಗಳಿಗೆ ಶಾಸಕರು ಬರುತ್ತಾರೆ, ಮಂತ್ರಿಗಳು ಬರುತ್ತಾರೆ. ಶಾಲು ಹೊದಿಸುತ್ತೇವೆ, ಹಣ್ಣುಹಂಪಲು ಕೊಡುತ್ತೇವೆ, ಯಕ್ಷಗಾನದ ಚೆಂಡೆ ಅವರ ಭಾಷಣ ಮುಗಿಯುವ ತನಕ ಕಾಯುತ್ತದೆ. ಆ ವೇದಿಕೆಯ ಮೇಲೆ ಯಾರಾದರೂ ಒಬ್ಬರು ಎದ್ದು, ಸ್ವಾಮಿ, ನಮ್ಮ ಮೆಟ್ರೋ ಎಲ್ಲಿಗೆ ಬಂತು ಎಂದು ಕೇಳಿದ್ದು ನಮ್ಮ ನೆನಪಿನಲ್ಲಿಲ್ಲ. ಹೊರನಾಡಿನವರು ನಾವು, ಬಾಯಿ ಬಿಟ್ಟರೆ ಎಲ್ಲಿ ಏನಾಗುವುದೋ ಎಂಬ ಅಳುಕು ಹಿರಿಯರಿಗಿತ್ತು. ಇಲ್ಲಿ ತೆರಿಗೆ ಕೊಟ್ಟು, ಇಲ್ಲಿಯೇ ಮತ ಹಾಕಿ, ಇಲ್ಲಿಯ ಮಣ್ಣಿನಲ್ಲಿ ಹೆತ್ತವರನ್ನು ದಹಿಸಿದ ಮೇಲೆಯೂ ಆ ಅಳುಕು ಏತಕ್ಕೆ? ದಿವಾದ ಜನ 2015ರ ಜನವರಿ 2ರಂದು ತಾಳ್ಮೆಗೆಟ್ಟು ಹಳಿಗಿಳಿದರು. ಕಲ್ಲು ಬಿತ್ತು, ಗಾಡಿಗಳು ನಿಂತವು. ಕಲ್ಲೆಸೆಯುವುದನ್ನು ನಾವು ಒಪ್ಪುವವರಲ್ಲ, ಗಾಯಗೊಂಡವನೂ ನಮ್ಮಂಥ ದುಡಿಮೆಗಾರನೇ ಆಗಿರುತ್ತಾನೆ. ಮರಾಠಿ ಬಂಧುಗಳು ಪ್ರವಾಸಿ ಸಂಘಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಅರ್ಜಿ, ಸಭೆಗಳನ್ನು ನಡೆಸುತ್ತ ಬಂದಿದ್ದಾರೆ. ಅವರ ಜೊತೆಗೆ ನಿಲ್ಲುವುದಕ್ಕೆ ನಮಗೆ ಭಾಷೆ ಅಡ್ಡಿಯಾಗಬೇಕಾಗಿಲ್ಲ. ಬಾಗಿಲಲ್ಲಿ ಜೋತುಬೀಳುವಾಗ ಅದು ಅಡ್ಡಿಯಾಗಿಲ್ಲವಲ್ಲ.

ಕೇಳಬೇಕಾದುದು ಆಕಾಶದ ಚಂದ್ರನನ್ನಲ್ಲ. ಪ್ರತಿ ಕೆಲಸದ ಜಾಗದಲ್ಲಿ ಎಲ್ಲರೂ ಓದುವಂಥ ಒಂದು ಹಲಗೆ ಇರಲಿ. ಮೊದಲು ಕೊಟ್ಟ ಗಡುವು, ಮೊದಲು ಹೇಳಿದ ಖರ್ಚು, ಅವನ್ನು ಎಷ್ಟು ಸಲ ಬದಲಾಯಿಸಿದರು, ಯಾವ ಕಾರಣಕ್ಕೆ, ಇವಿಷ್ಟೂ ಅದರ ಮೇಲಿರಲಿ. ಹಳೆಯ ತಾರೀಖನ್ನು ಒರೆಸದೆ ಕೆಳಗೆ ಹೊಸದನ್ನು ಬರೆಯಲಿ. ಸುರಕ್ಷತೆಯ ಒಪ್ಪಿಗೆ ಬಂದ ಮರುವಾರವೇ ಬಾಗಿಲು ತೆರೆಯಲಿ, ಮಾಲೆಯನ್ನು ಆಮೇಲೆ ಬೇಕಾದಾಗ ಹಾಕಿಕೊಳ್ಳಬಹುದು. ಕಲ್ಯಾಣದಿಂದ ಹೊರಡುವ 15 ಡಬ್ಬಿಗಳ ಸಾಧಾರಣ ದರದ ಗಾಡಿಗಳು ಹೆಚ್ಚಲಿ.

ಇದಕ್ಕಾಗಿ ಒಂದು ಮನವಿಯನ್ನು ಬರೆಯಬೇಕೆಂದಿದ್ದೇವೆ. ಓದುಗರು ತಾವು ಮನೆ ಬಿಡುವ ಹೊತ್ತು, ಕೆಲಸಕ್ಕೆ ಮುಟ್ಟುವ ಹೊತ್ತು, ಹಿಡಿಯುವ ಗಾಡಿ, ಕಳೆದ ತಿಂಗಳಲ್ಲಿ ತಡವಾದ ದಿನಗಳು, ಅದರಿಂದ ಕಡಿತವಾದ ಸಂಬಳ ಇವಿಷ್ಟನ್ನು ಒಂದು ಕಾರ್ಡಿನ ಮೇಲೆ ಬರೆದು ನಮ್ಮ ಕಚೇರಿಗೆ ಕಳುಹಿಸಬೇಕು. ಹೆಸರು ಹಾಕಲು ಹಿಂಜರಿಯುವವರು ಊರಿನ ಹೆಸರನ್ನು ಮಾತ್ರ ಬರೆದರೂ ಸಾಕು. ಅಕ್ಷರ ಬಾರದ ಹಿರಿಯರಿಗೆ ಅದೇ ಖೋಲಿಯ ಹುಡುಗರು ಬರೆದುಕೊಡಲಿ.