ಅಡಕೆಯ ತೋಟವೂ ಹಳೆಯ ಗಣಕಯಂತ್ರವೂ

ಬೆಳೆದ ಮಕ್ಕಳುಳ್ಳ ವಾಚಕ ಮಹಾಶಯರಿಗೆ ಈ ಸಂಗತಿಯು ಹೊಸದಾಗಿರಲಾರದು. ಹುಡುಗನು ಬಂದು, “ಈ ಯಂತ್ರ ಸಾಲದು, ಹೊಸದು ಬೇಕು” ಎನ್ನುವನು. ತಂದೆಯು ಬೆಲೆಯನ್ನು ಕೇಳಿ ಸುಮ್ಮನಾಗುವನು. ಆ ಮೇಲೆ ನಾಲ್ಕು ದಿನ ಊಟಕ್ಕೆ ಕುಳಿತಾಗ ಇಬ್ಬರಿಗೂ ಮಾತಿರುವುದಿಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು.

ನನ್ನ ಅಣ್ಣನ ಮೊಮ್ಮಗನಿಗೆ ಈಗ 16 ವರ್ಷ. ಅವನು ಗೇಮ್ ಎಂಜಿನ್ ಎಂಬ ಸಾಧನದ ಸಹಾಯದಿಂದ ತಾನೇ ಒಂದು ಆಟವನ್ನು ರಚಿಸಿದ್ದಾನೆ. ಆಟ ಕಟ್ಟುವವನಿಗೆ ಬೇಕಾದ ಚಿತ್ರಣ, ಚಲನೆ, ಧ್ವನಿ ಇವುಗಳ ಏರ್ಪಾಡನ್ನೆಲ್ಲ ಮೊದಲೇ ಸಿದ್ಧಪಡಿಸಿಟ್ಟಿರುವ ತಂತ್ರಾಂಶಕ್ಕೆ ಆ ಹೆಸರು. ಇವನು ಬಳಸುವುದು ಗೊಡೋ ಎಂಬುದನ್ನು. ಅರ್ಜೆಂಟೀನಾ ದೇಶದ ಇಬ್ಬರು ಆರಂಭಿಸಿದ ಈ ಸಾಧನವು 2014ರಿಂದ ಎಲ್ಲರಿಗೂ ಮುಕ್ತವಾಗಿ, ಉಚಿತವಾಗಿ ದೊರೆಯುತ್ತಿದೆ. ಆಟದ ವಿಷಯವೋ, ನಮ್ಮ ಮನೆಯದೇ. ಒಂದು ಅಡಕೆಯ ತೋಟ. ಅದರಲ್ಲಿ 40 ಮಂಗಗಳು. ಆಡುವವನು ಕವಣೆ ಹಿಡಿದು ಅವನ್ನು ಓಡಿಸಬೇಕು. ತೋಟದಲ್ಲಿ 2,400 ಮರಗಳನ್ನು ನೆಟ್ಟಿದ್ದಾನೆ. ನಮ್ಮ ನಿಜವಾದ ತೋಟದಲ್ಲಿ ಅಷ್ಟಿಲ್ಲ.

ಮನೆಯ ಲ್ಯಾಪ್‌ಟಾಪು 8 ವರ್ಷದ ಹಳೆಯದು. ಅದಕ್ಕೆ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡು ಇಲ್ಲ. ಅದರಲ್ಲಿ ಈ ತೋಟವನ್ನು ತೆರೆದರೆ ಸೆಕೆಂಡಿಗೆ ಮೂಡುತ್ತಿದ್ದುದು 12 ಚಿತ್ರಗಳು ಮಾತ್ರ. ಹುಡುಗರು ಇವನ್ನು ಫ್ರೇಮ್ ಎನ್ನುತ್ತಾರೆ. ಮಂಗವು ಈಗ ಈ ಮರದಲ್ಲಿ, ಮರುಕ್ಷಣ ಆ ಮರದಲ್ಲಿ. ನಡುವಣ ನೆಗೆತವೇ ಕಾಣದು. ಅಂಗಡಿಯವರು ಹೇಳಿದ ಹೊಸ ಯಂತ್ರದ ಬೆಲೆ 70,000 ರೂಪಾಯಿ. ಕಳೆದ ಮಳೆಗಾಲದ ಕೊಳೆರೋಗದಿಂದ ಫಸಲು ಅರ್ಧ ನೆಲಕ್ಕೆ ಉದುರಿದ್ದಿತು. ಹುಡುಗನ ತಂದೆಗೆ ಆ ಹಣ ಎಲ್ಲಿಂದ ಬರಬೇಕು? ನಾನು ಪಿಂಚಣಿಯಲ್ಲಿ ಉಳಿಸಿಟ್ಟ ಠೇವಣಿಯೊಂದನ್ನು ಮುರಿಸುವುದೆಂದು ಮನಸ್ಸಿನಲ್ಲಿಯೇ ನಿಶ್ಚಯಿಸಿದೆನು. ಆದರೂ ಅದಕ್ಕೆ ಮುಂಚೆ ಒಂದು ಸಲ ನೋಡೋಣವೆಂದು ಹುಡುಗನ ಪಕ್ಕದಲ್ಲಿ ಕುಳಿತೆನು.

ಮೊದಲು ಲೆಕ್ಕ ಹಾಕಿದೆವು. ಪರದೆಯಲ್ಲಿ ಅಡ್ಡಲಾಗಿ 1366, ಮೇಲಿನಿಂದ ಕೆಳಕ್ಕೆ 768 ಚುಕ್ಕೆಗಳು, ಗುಣಿಸಿದರೆ 10,49,088. ಇವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ತುಂಬಬೇಕಾದರೆ 6 ಕೋಟಿ ಮೀರಿತು. ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ 16.6 ಮಿಲಿಸೆಕೆಂಡು, 30 ಸಾಕೆಂದರೆ 33.3. ನಮ್ಮ ಯಂತ್ರವು ತೆಗೆದುಕೊಳ್ಳುತ್ತಿದ್ದುದು 83. ಇಲ್ಲಿ ಒಂದು ಸೂಕ್ಷ್ಮವಿದೆ. ಲೆಕ್ಕವನ್ನು ಚಿತ್ರಗಳ ಸಂಖ್ಯೆಯಿಂದ ಹಿಡಿಯದೆ ಕಾಲದಿಂದಲೇ ಹಿಡಿಯತಕ್ಕದ್ದು. 10ರಿಂದ 20ಕ್ಕೆ ಏರಲು ಪ್ರತಿ ಚಿತ್ರದಲ್ಲಿ 50 ಮಿಲಿಸೆಕೆಂಡು ಉಳಿಸಬೇಕು. 50ರಿಂದ 60ಕ್ಕೆ ಏರಲು ಮೂರು ಚಿಲ್ಲರೆ ಸಾಕು. ಎರಡು ಕಡೆಯೂ ಏರಿಕೆ ಹತ್ತೇ ಎಂದು ಎಣಿಸಿದವನು ಮೋಸಹೋಗುವನು.

ಆ ಬಳಿಕ ನಾನೊಂದು ತಪ್ಪು ಮಾಡಿದೆನು. “ಮರವು ಸುಮ್ಮನೆ ನಿಂತಿದೆ, ಮಂಗವಲ್ಲವೇ ಓಡಾಡುವುದು? ಶ್ರಮವೆಲ್ಲ ಅದರಿಂದಲೇ. 30 ಮಂಗಗಳನ್ನು ತೆಗೆದುಬಿಡು” ಎಂದೆನು. ಹುಡುಗನು ಅರೆಮನಸ್ಸಿನಿಂದ ತೆಗೆದನು. ಫ್ರೇಮ್ 12 ಇದ್ದದ್ದು 12 ಆಗಿಯೇ ಉಳಿಯಿತು. ಆಟವು ಮಾತ್ರ ಸಪ್ಪೆಯಾಯಿತು. ಪಾಠಶಾಲೆಯಲ್ಲಿ ಮೂವತ್ತು ವರ್ಷ ‘ಊಹೆಯಿಂದ ಉತ್ತರ ಬರೆಯಬೇಡಿರಿ’ ಎಂದು ಮಕ್ಕಳನ್ನು ಗದರಿಸಿದವನು ನಾನೇ.

ಎಂಜಿನ್ನಿನಲ್ಲಿಯೇ ಪ್ರೊಫೈಲರ್ ಎಂಬ ಅಳತೆಯ ಪುಟವೊಂದುಂಟು. ಯಾವ ಕೆಲಸಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಅದು ತೋರಿಸುವುದು. ತೆರೆದು ನೋಡಿದರೆ 40 ಮಂಗಗಳ ಓಡಾಟಕ್ಕೆ ಹಿಡಿಯುತ್ತಿದ್ದುದು 4 ಮಿಲಿಸೆಕೆಂಡು! ಮಿಕ್ಕುದನ್ನೆಲ್ಲ ಸುಮ್ಮನೆ ನಿಂತ ಮರಗಳೂ ಅವುಗಳ ನೆರಳೂ ನುಂಗುತ್ತಿದ್ದವು. ಒಂದೊಂದು ಮರಕ್ಕೂ ‘ಇದನ್ನು ಬರೆ’ ಎಂದು ಯಂತ್ರಕ್ಕೆ ಪ್ರತ್ಯೇಕವಾಗಿ ಆಜ್ಞೆ ಹೋಗುತ್ತಿದ್ದಿತು. ಬರೆಯುವುದಕ್ಕಿಂತ ಆಜ್ಞೆಯನ್ನು ಸಿದ್ಧಪಡಿಸುವುದೇ ಭಾರವಾಗಿದ್ದಿತು.

“ಚಿಕ್ಕಜ್ಜ, ಮರದ ಆಕಾರವನ್ನು ಒಂದೇ ಸಲ ಹೇಳಿ, ಆ ಮೇಲೆ ನಿಲ್ಲಬೇಕಾದ ಸ್ಥಳಗಳ ಪಟ್ಟಿಯನ್ನು ಮಾತ್ರ ಕೊಡುವ ಉಪಾಯವೊಂದಿದೆಯಂತೆ” ಎಂದನು ಹುಡುಗ. ನನಗೆ ಒಡನೆಯೇ ಪಾಣಿನಿಯ ನೆನಪಾಯಿತು. ಒಂದು ಸೂತ್ರದಲ್ಲಿ ಹೇಳಿದ ಪದವನ್ನು ಮುಂದಿನ ಸೂತ್ರಗಳಲ್ಲಿ ಮತ್ತೆ ಹೇಳದೆಯೇ ತಂದುಕೊಳ್ಳುವುದಕ್ಕೆ ಅನುವೃತ್ತಿ ಎನ್ನುವೆವಷ್ಟೆ. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯ ವ್ಯಾಕರಣವು ಅಡಕವಾದುದಕ್ಕೆ ಆ ಲಾಘವವೂ ಒಂದು ಕಾರಣ. ಇದನ್ನು ಹೇಳಿದಾಗ ಹುಡುಗನು ನಕ್ಕನು. ಆದರೆ ಅರ್ಥವಾಯಿತು. ಎಲ್ಲ ಮರಗಳನ್ನೂ ಒಂದೇ ಗುಂಪು ಮಾಡಿದರೆ ಒಂದು ಮರ ಕಂಡರೂ 2,400ನ್ನೂ ಬರೆಯಬೇಕಾದೀತೆಂದು, ತೋಟವನ್ನು 16 ತಾಕುಗಳಾಗಿ ಹಂಚಿ ತಾಕಿಗೊಂದು ಗುಂಪು ಮಾಡಿದನು. ಬೆನ್ನ ಹಿಂದಿನ ತಾಕನ್ನು ಎಂಜಿನ್ನು ತಾನಾಗಿಯೇ ಬಿಟ್ಟುಬಿಡುವುದು. ಕಾಲವು 83ರಿಂದ 46ಕ್ಕೆ ಇಳಿಯಿತು.

ಬಡ ಯಂತ್ರದಿಂದ ವೇಗವನ್ನು ಪಡೆದವರ ಕಥೆಯು ಹಳೆಯದು. 1990ರಲ್ಲಿ ಅಮೇರಿಕಾದ ಶ್ರೀವ್‌ಪೋರ್ಟ್ ನಗರದಲ್ಲಿ ಜಾನ್ ಕಾರ್ಮ್ಯಾಕ್ ಎಂಬ 20 ವರ್ಷದ ತರುಣನಿದ್ದನು. ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಗಳಂತೆ ದೃಶ್ಯವನ್ನು ನಯವಾಗಿ ಪಕ್ಕಕ್ಕೆ ಜರುಗಿಸುವ ಶಕ್ತಿ ಆಗಿನ ಪಿ.ಸಿ.ಗಳಿಗೆ ಇರಲಿಲ್ಲ. ಆತನು ಇಡೀ ಪರದೆಯನ್ನು ಬರೆಯದೆ, ಹಿಂದಿನ ಚಿತ್ರಕ್ಕಿಂತ ಬೇರೆಯಾದ ತುಂಡುಗಳನ್ನಷ್ಟೇ ಬರೆದನು. ಆಕಾಶದ ಪಕ್ಕದಲ್ಲಿ ಆಕಾಶವೇ ಇದ್ದರೆ ಅಲ್ಲಿ ಬರೆಯತಕ್ಕದ್ದೇನು? ಆ ಡಿಸೆಂಬರಿನಲ್ಲಿಯೇ ಕಮಾಂಡರ್ ಕೀನ್ ಎಂಬ ಆಟವು ಹೊರಬಂದಿತು. 1993ರ ಡೂಮ್ ಆಟದಲ್ಲಿ ಗೋಡೆಗಳನ್ನು ಮೊದಲೇ ವಿಭಾಗಿಸಿಟ್ಟು, ಹತ್ತಿರದಿಂದ ದೂರಕ್ಕೆ ಕ್ರಮವಾಗಿ ಬರೆಯುತ್ತ, ಒಮ್ಮೆ ಮುಚ್ಚಿದ ಜಾಗದಲ್ಲಿ ಮತ್ತೊಂದು ಗೋಡೆಯನ್ನು ಬರೆಯದಂತೆ ಏರ್ಪಡಿಸಿದನು. ಆ ವಿಭಜನೆಯ ವಿಧಾನ ಆತನ ಸ್ವಂತದ್ದಲ್ಲ; 1980ರಲ್ಲಿ ಮೂವರು ವಿದ್ವಾಂಸರು ಪ್ರಕಟಿಸಿದ್ದ ಲೇಖನದಲ್ಲಿದ್ದದ್ದು. ಓದಿದವನಿಗೆ ದಕ್ಕಿತು. ಅಷ್ಟಾದರೂ ಸಾಲದ ಯಂತ್ರವುಳ್ಳವರು ಆಟದ ಕಿಟಕಿಯನ್ನೇ ಕಿರಿದುಮಾಡಿಕೊಂಡು ಆಡುತ್ತಿದ್ದರು.

ನಾವೂ ಅದನ್ನೇ ಬೇರೊಂದು ರೀತಿಯಲ್ಲಿ ಮಾಡಿದೆವು. ದೃಶ್ಯವನ್ನು ಉದ್ದಗಲ ಎರಡರಲ್ಲಿಯೂ ಮುಕ್ಕಾಲು ಅಳತೆಗೆ ಬರೆಯಿಸಿ ಆ ಮೇಲೆ ಪರದೆಯಷ್ಟು ಹಿಗ್ಗಿಸಿದೆವು. ಅಕ್ಷರಗಳನ್ನು ಮಾತ್ರ ಪೂರ್ಣ ಅಳತೆಯಲ್ಲಿಯೇ ಬಿಟ್ಟೆವು. ಇದರಿಂದ ತುಂಬಬೇಕಾದ ಚುಕ್ಕೆಗಳು ನೂರಕ್ಕೆ 56ಕ್ಕೆ ಇಳಿದವು. ಎಲೆಗಳ ಅಂಚು ತುಸು ಮಸುಕಾಯಿತು, ನನ್ನ ಕಣ್ಣಿಗೆ ಅದೂ ತಿಳಿಯಲಿಲ್ಲ. ನೆರಳಿಗಾಗಿ ಯಂತ್ರವು ಅದೇ ತೋಟವನ್ನು ಸೂರ್ಯನ ಕಡೆಯಿಂದ ಮತ್ತೆ ಬರೆಯಬೇಕಾಗುವುದರಿಂದ, ಹತ್ತಿರದ ಮರಗಳಿಗೆ ಮಾತ್ರ ನೆರಳಿರುವಂತೆ ಮಾಡಿದೆವು. ಕಾಲವು 29ಕ್ಕೆ ಬಂದಿತು. ತೆಗೆದುಹಾಕಿದ್ದ 30 ಮಂಗಗಳನ್ನೂ ಹುಡುಗನು ಮರಳಿ ಕರೆತಂದನು. ಆಗಲೂ 33ನ್ನು ಮೀರಲಿಲ್ಲ.

ಈಗ ಫ್ರೇಮ್ ಒಮ್ಮೆ 31, ಒಮ್ಮೆ 44 ಆಗಿ ತೂಗಾಡತೊಡಗಿತು. ಅವನಿಗೆ ಅದೇ ಹೆಮ್ಮೆ. ಒಳಗಿನಿಂದ ಬಂದು ನೋಡಿದ ನನ್ನ ಮನೆಯವಳು, ಎಳವೆಯಲ್ಲಿ ವೀಣೆ ಕಲಿತವಳು, “ಲಯ ನಿಲ್ಲುತ್ತಿಲ್ಲವಲ್ಲ” ಎಂದಳು. ನಿಜವೇ. 30ಕ್ಕೆ ಕಟ್ಟಿಹಾಕಿದೆವು. ಸಂಖ್ಯೆ ಇಳಿಯಿತು, ಕಣ್ಣಿಗೆ ಆಟವು ಹೆಚ್ಚು ನಯವಾಯಿತು.

ಎದುರುಮನೆಯ ಗೆಳೆಯನ ಯಂತ್ರವು ನಮ್ಮದಕ್ಕಿಂತಲೂ ಹಳೆಯದು. ಹೊಸ ಯಂತ್ರವೇ ಬಂದಿದ್ದರೆ ಇವನ ತೋಟವು ಇವನ ಮನೆಯಲ್ಲಿ ಮಾತ್ರ ಬೆಳೆಯುತ್ತಿದ್ದಿತು. ಆ ಹುಡುಗನಿಗೆ ಅದರಲ್ಲಿ ಕಾಲಿಡುವುದೂ ಸಾಧ್ಯವಾಗುತ್ತಿರಲಿಲ್ಲ. ಅಲ್ಲಿ ಮೊದಲು 27 ಇದ್ದದ್ದು ಕಾಲುಗಂಟೆಯಲ್ಲಿ 19ಕ್ಕೆ ಇಳಿಯಿತು. ಈ ಸಲ ನಾನು ಬಾಯಿ ಬಿಡಲಿಲ್ಲ. ಯಂತ್ರವು ಕಾದರೆ ತನ್ನ ರಕ್ಷಣೆಗಾಗಿ ತಾನೇ ನಿಧಾನವಾಗುವುದೆಂದು ಇವನೇ ಕಂಡುಕೊಂಡು, ಅದರ ಬೀಸಣಿಗೆಯ ಧೂಳನ್ನು ತೆಗೆದು, ಗಾಳಿಯಾಡುವಂತೆ ಎರಡು ರೀಪುಗಳ ಮೇಲೆ ಇಟ್ಟನು. 26ರಲ್ಲಿ ನಿಂತಿತು.

ಅಂದು ಸಂಜೆ ಹುಡುಗನ ತಂದೆಯು ಬಂದು ಕವಣೆಯನ್ನು ತಾನೂ ಹಿಡಿದನು. ಏಳೆಂಟು ಮಂಗಗಳನ್ನು ಓಡಿಸಿದ ಮೇಲೆ, “ನಿನ್ನ ತೋಟಕ್ಕೆ ಕೊಳೆರೋಗ ಬರುವುದಿಲ್ಲವೇನೋ?” ಎಂದು ಕೇಳಿದನು. ನಾಲ್ಕು ದಿನಗಳಲ್ಲಿ ಅದೇ ಮೊದಲ ಮಾತು.

“ಬರಿಸಬಹುದಪ್ಪ. ಆದರೆ ಅದಕ್ಕೆ ಮಳೆ ಬರೆಯಬೇಕು. ಎಷ್ಟು ಮಿಲಿಸೆಕೆಂಡು ಹಿಡಿಯುತ್ತದೋ, ಅಳೆದು ನೋಡಬೇಕು” ಎಂದನು ಹುಡುಗ.