ಕ್ಯಾನ್ಸರ್ ಕೋಶ ಹೇಗೆ ಸಾಯುತ್ತೆ ಅನ್ನೋದು ಬಳ್ಳಾರಿಯ ಪ್ರಶ್ನೆಯೂ ಹೌದು

ನಿಮ್ಮ ಎಡತೋಳಿನಲ್ಲಿ ಬಿಸಿಜಿ ಲಸಿಕೆಯ ಕಲೆ ಇದೆಯಾ? ಕ್ಷಯ ತಡೆಯಲು ಮಗುವಿಗೆ ಕೊಡುವ ಆ ಬ್ಯಾಕ್ಟೀರಿಯಾವನ್ನೇ ಮೂತ್ರಕೋಶದ ಕ್ಯಾನ್ಸರ್‌ಗೂ ದಶಕಗಳಿಂದ ಬಳಸುತ್ತಿದ್ದಾರೆ. ಮೂತ್ರಕೋಶದೊಳಗೆ ಬಿಟ್ಟರೆ ಉರಿಯೂತ ಶುರುವಾಗುತ್ತೆ. ಆ ಗದ್ದಲಕ್ಕೆ ಓಡಿಬಂದ ರೋಗನಿರೋಧಕ ಕೋಶಗಳು ಕ್ಯಾನ್ಸರನ್ನೂ ಹೊಡೆಯುತ್ತವೆ.

ಇಲ್ಲಿ ಗದ್ದಲವೇ ಮುಖ್ಯ. ದೇಹದಲ್ಲಿ ದಿನಾ ಕೋಟ್ಯಂತರ ಕೋಶಗಳು ಸದ್ದಿಲ್ಲದೆ ಸಾಯುತ್ತವೆ. ಪೈರಾಪ್ಟೋಸಿಸ್ ಎಂಬ ಸಾವು ಹಾಗಲ್ಲ. ಗ್ಯಾಸ್‌ಡರ್ಮಿನ್ ಎಂಬ ಪ್ರೋಟೀನ್ ಕೋಶದ ಪೊರೆಗೆ ತೂತು ಕೊರೆಯುತ್ತೆ, ಕೋಶ ಉಬ್ಬಿ ಒಡೆಯುತ್ತೆ, ಒಳಗಿನದ್ದೆಲ್ಲ ಹೊರಚೆಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸುದ್ದಿ ಮುಟ್ಟುತ್ತೆ. 2020ರಲ್ಲಿ ಚೀನಾದ ಸಂಶೋಧಕರು ಇಲಿಗಳಲ್ಲಿ ಇದನ್ನು ತೋರಿಸಿದರು: ಶೇ 15ಕ್ಕಿಂತ ಕಡಿಮೆ ಕ್ಯಾನ್ಸರ್ ಕೋಶಗಳು ಹೀಗೆ ಸತ್ತರೂ ಇಡೀ ಸ್ತನ ಗೆಡ್ಡೆ ಕರಗಿತು. ಟಿ ಕೋಶಗಳನ್ನು ತೆಗೆದ ಇಲಿಗಳಲ್ಲಿ ಕರಗಲಿಲ್ಲ.

ಇದಿನ್ನೂ ಇಲಿಗಳ ಕಥೆ, ನಿಜ. ಆದರೆ 2017ರಲ್ಲೇ ಇನ್ನೊಂದು ವಿಷಯ ಗೊತ್ತಾಗಿತ್ತು. ಕೋಶದಲ್ಲಿ ಗ್ಯಾಸ್‌ಡರ್ಮಿನ್-ಇ ಇದ್ದರೆ ನಮ್ಮ ಹಳೆಯ ಕೀಮೋ ಔಷಧಗಳೂ ಇಂಥ ಸಾವನ್ನು ತರಬಲ್ಲವು. ಹಲವು ಕ್ಯಾನ್ಸರ್‌ಗಳು ಆ ಜೀನನ್ನೇ ಆಫ್ ಮಾಡಿಕೊಂಡಿರುತ್ತವೆ. ಆರೋಗ್ಯವಂತ ಕೋಶಗಳಲ್ಲಿ ಅದು ಆನ್ ಇರುವುದರಿಂದ ಅಡ್ಡಪರಿಣಾಮವೂ ಉಂಟು. ಒಟ್ಟಿನಲ್ಲಿ, ಕ್ಯಾನ್ಸರನ್ನು ಔಷಧವೊಂದೇ ಕೊಲ್ಲುವುದಿಲ್ಲ. ರೋಗಿಯ ದೇಹವೂ ಜೊತೆಗೆ ಹೋರಾಡಬೇಕು.

ರಾಜಕೀಯ ಶುರುವಾಗೋದು ಇಲ್ಲೇ. ಕೀಮೋ ಬಿಳಿ ರಕ್ತಕಣಗಳನ್ನು ಇಳಿಸುತ್ತೆ. ಹಾಗಾಗಿ ಪ್ರತಿ ಸುತ್ತಿಗೂ ಮುಂಚೆ ರಕ್ತ ಪರೀಕ್ಷೆ ಬೇಕು, ಕಣಗಳು ತೀರಾ ಕಮ್ಮಿಯಿದ್ದರೆ ಸುತ್ತು ಮುಂದಕ್ಕೆ ಹೋಗುತ್ತೆ. ಸಿರುಗುಪ್ಪದಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸು 300 ಕಿಲೋಮೀಟರ್‌ಗೂ ಹೆಚ್ಚು ದೂರದ ಬೆಂಗಳೂರಿಗೆ ಹೋಗಿ 'ಇವತ್ತಾಗಲ್ಲ' ಅನ್ನಿಸಿಕೊಂಡು ವಾಪಸ್ ಬಂದರೆ, ಮುಂದಿನ ಸಲ ಹೋಗ್ತಾಳಾ?

3 ವರ್ಷಗಳಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದು 2025ರ ಕೇಂದ್ರ ಬಜೆಟ್ ಹೇಳಿತು. ಒಳ್ಳೇದು. ಆದರೆ ನಾಲ್ಕು ಹಾಸಿಗೆ ಹಾಕಿ ಬೋರ್ಡ್ ಬರೆಸಿದರೆ ಕೇಂದ್ರ ಆಗಲ್ಲ. ಬಳ್ಳಾರಿಯಲ್ಲಿ ಕ್ಯಾನ್ಸರ್ ತಜ್ಞರು, ತರಬೇತಾದ ನರ್ಸ್‌ಗಳು ಇರಬೇಕು. ರಕ್ತ ಪರೀಕ್ಷೆ ಕುರುಗೋಡು, ಸಿರುಗುಪ್ಪದ ತಾಲ್ಲೂಕು ಮಟ್ಟದಲ್ಲೇ ಮುಗಿಯಬೇಕು. ಜ್ವರ ಬಂದರೆ ರಾತ್ರಿಯೂ ನೋಡುವವರು ಬೇಕು.

ದುಡ್ಡು ಎಲ್ಲಿಂದ ಅಂತ ಕೇಳಬೇಡಿ. ಗಣಿ ಕಂಪನಿಗಳು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯ ಆದ್ಯತೆಯ ಪಟ್ಟಿಯಲ್ಲೇ ಆರೋಗ್ಯ ಇದೆ. ಅದಿರು ಹೋಯಿತು, ಧೂಳು ಉಳಿಯಿತು. ಆ ದುಡ್ಡಾದರೂ ನಮ್ಮ ಆಸ್ಪತ್ರೆಗೆ ಬರಲಿ. ನಿಮ್ಮ ಶಾಸಕರು ಮುಂದಿನ ಸಲ ರಸ್ತೆ ಉದ್ಘಾಟನೆಗೆ ಬಂದಾಗ ಇದೊಂದು ಲೆಕ್ಕ ಕೇಳಿ.