ಕೊನೆ ಗೊತ್ತಾದರೆ ಕೆಟ್ಟಿತೇ?

“ಕೊನೆ ಗೊತ್ತಾಯ್ತಲ್ಲ ಸಾರ್, ಇನ್ನೇನಿದೆ ಅದರಲ್ಲಿ? ಒನ್ ಟೈಮ್ ವಾಚ್ ಅಷ್ಟೆ.” ಆನ್ರಿ ಜಾರ್ಜ್ ಕ್ಲೂಜೊನ ‘ಲೆ ಡಿಯಾಬೊಲಿಕ್’ (1955) ನೋಡಿ ಎದ್ದ ಹುಡುಗನೊಬ್ಬ ಹೀಗೆಂದ. ಅವನೊಬ್ಬನನ್ನೇ ದೂರಿ ಫಲವಿಲ್ಲ. ಥ್ರಿಲ್ಲರ್ ಎಂದರೆ ಒಗಟು, ಬಿಡಿಸಿದ ಮೇಲೆ ಕಸ ಎಂಬುದು ಈಗ ಎಲ್ಲರ ಬಾಯಲ್ಲೂ ಇರುವ ಮಾತು. ನನ್ನನ್ನು ಕೇಳಿದರೆ, ಆ ಚಿತ್ರದಲ್ಲಿ ಅತಿ ಅಗ್ಗದ ಸರಕೆಂದರೆ ಆ ಕೊನೆಯ ಗುಟ್ಟೇ.

ಪ್ಯಾರಿಸ್ ಸಮೀಪದ ಒಂದು ಬೋರ್ಡಿಂಗ್ ಶಾಲೆ. ದುಡ್ಡು ಹೆಂಡತಿ ಕ್ರಿಸ್ಟಿನಾಳದು, ದರ್ಬಾರು ಗಂಡ ಮಿಶೆಲ್‌ನದು. ಅವನ ಪ್ರೇಯಸಿ ನಿಕೋಲ್ ಅಲ್ಲೇ ಟೀಚರು. ಅವಳೂ ಅವನಿಂದ ಏಟು ತಿಂದವಳೇ. ಇಬ್ಬರೂ ಸೇರಿ ಅವನನ್ನು ನಿಯೋರ್ ಊರಿನ ಮನೆಗೆ ಕರೆಸಿಕೊಂಡು, ಮದ್ದು ಬೆರೆಸಿದ ವಿಸ್ಕಿ ಕುಡಿಸಿ, ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಹೆಣ ಬೆತ್ತದ ಪೆಟ್ಟಿಗೆಯೊಳಗೆ ಹೊರಟು ಶಾಲೆಯ ಕೊಳಕು ಈಜುಕೊಳ ಸೇರುತ್ತದೆ. ಆಮೇಲೆ ಕೊಳ ಬರಿದು ಮಾಡಿಸಿದರೆ ತಳದಲ್ಲಿ ಹೆಣವೇ ಇಲ್ಲ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಆದರೆ ನನ್ನನ್ನು ಕಾಡುವುದು ಕೊಲೆಗೂ ಮುಂಚಿನ ಒಂದು ಊಟ. ಅಗ್ಗಕ್ಕೆ ಸಿಕ್ಕಿತೆಂದು ಮಿಶೆಲ್ ಕೊಂಡ ಹಳಸಿದ ಮೀನು ಹುಡುಗರ ತಟ್ಟೆಗೆ ಬಿದ್ದಿದೆ. ಕ್ರಿಸ್ಟಿನಾಳಿಗೆ ಅದು ಗಂಟಲಲ್ಲಿ ಇಳಿಯುತ್ತಿಲ್ಲ. ನುಂಗು ಎನ್ನುತ್ತಾನೆ ಗಂಡ, ಮಕ್ಕಳು, ಮೇಷ್ಟ್ರುಗಳು ಎಲ್ಲರೆದುರಿಗೆ. ಕ್ಯಾಮೆರಾ ಕಾಯುತ್ತದೆ, ಅವಳು ನುಂಗುತ್ತಾಳೆ. ಒಂದು ಮದುವೆಯ ನರಕವಷ್ಟೂ ಆ ಒಂದು ತುತ್ತಿನಲ್ಲಿದೆ. ಇನ್ನು ಕೊಲೆಯ ರಾತ್ರಿ: ತೊಟ್ಟಿಗೆ ನೀರು ಬಿಟ್ಟಾಗ ಮೇಲಿನ ಮನೆಯಲ್ಲಿ ರೇಡಿಯೊ ಕೇಳುತ್ತಿದ್ದ ಬಾಡಿಗೆದಾರರು, ಇಷ್ಟು ಹೊತ್ತಲ್ಲಿ ಇದೆಂಥ ಸ್ನಾನ ಎಂದು ಗೊಣಗುತ್ತಾರೆ. ಶೀರ್ಷಿಕೆಗಳ ಹೊತ್ತು ಬಿಟ್ಟರೆ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಹೆದರಿಸುವುದಕ್ಕೆ ಪಿಟೀಲು ಯಾಕೆ, ನಲ್ಲಿಯ ಸದ್ದು ಸಾಕು. ಇದರಲ್ಲಿ ಯಾವುದು ಕೊನೆ ಗೊತ್ತಾದರೆ ಕೆಡುತ್ತದೆ?

ರಾತ್ರಿಯಿಡೀ ಗದಾಯುದ್ಧ ನೋಡುವವನಿಗೆ ಕೌರವ ಸಾಯುವುದು ಗೊತ್ತಿಲ್ಲವೇ ಎಂದು ಇಲ್ಲಿ ವಾದಿಸಬಹುದು. ಅದು ಸರಿಯಾಗದು. ಯಕ್ಷಗಾನಕ್ಕೆ ನಾವು ಗೊತ್ತಿದ್ದೇ ಹೋಗುತ್ತೇವೆ. ಥ್ರಿಲ್ಲರ್‌ಗೆ ಗೊತ್ತಿಲ್ಲದೆ ಹೋಗುವುದೇ ಕರಾರು. ಕ್ಲೂಜೊ ಸ್ವತಃ ಚಿತ್ರದ ಕೊನೆಗೆ, ಕಂಡದ್ದನ್ನು ಗೆಳೆಯರಿಗೆ ಹೇಳಬೇಡಿ ಎಂದು ತೆರೆಯ ಮೇಲೆ ಬರೆಸಿದ್ದಾನೆ. ಮೊದಲ ಸಲದ ಬೆಚ್ಚು ಬದುಕಿನಲ್ಲಿ ಒಮ್ಮೆ ಮಾತ್ರ ಸಿಗುವಂಥದು, ಅದನ್ನು ಕದಿಯುವ ಹಕ್ಕು ನನಗಿಲ್ಲ. ಇಲ್ಲಿ ಬಾಯಿ ಕಟ್ಟಿಕೊಂಡು ಬರೆಯುತ್ತಿರುವುದೂ ಅದಕ್ಕೇ.

ಆದರೆ ಕಾಪಾಡಬೇಕಾದ್ದು ಬೇರೆ, ಅದೇ ಸರ್ವಸ್ವ ಎನ್ನುವುದು ಬೇರೆ. ಗುಟ್ಟಿನ ಮೂಲ ಕ್ಲೂಜೊನದೇ ಅಲ್ಲ. ಬುವಾಲೊ ಮತ್ತು ನಾರ್ಸ್‌ಜಾಕ್ ಜೋಡಿ 1952ರಲ್ಲಿ ಬರೆದ ಕಾದಂಬರಿಯದು. ಅಲ್ಲಿ ಕೊಲೆಗೆ ಹೊರಡುವವನು ಗಂಡ, ಊರೂರು ಸುತ್ತುವ ಮಾರಾಟಗಾರ. ಶಾಲೆ, ಮೀನು, ಕೊಳ ಎಲ್ಲ ಕ್ಲೂಜೊ ಕಟ್ಟಿದ್ದು. 1996ರಲ್ಲಿ ಹಾಲಿವುಡ್ ಅದೇ ಕಥೆಗೆ ಬಣ್ಣ ಬಳಿದು, ಕೊನೆ ತಿದ್ದಿ, ಶರೋನ್ ಸ್ಟೋನ್‌ಳನ್ನು ತಂದು ನಿಲ್ಲಿಸಿತು. ಅದನ್ನು ಒಂದು ಸಲವೂ ನೋಡಬೇಕಿಲ್ಲ.

ಇನ್ನು ಕೆಲವು ಸಂಗತಿಗಳಂತೂ ಗೊತ್ತಾದಷ್ಟೂ ಭಯ ಹೆಚ್ಚಿಸುತ್ತವೆ. ಕ್ರಿಸ್ಟಿನಾ ಹೃದ್ರೋಗಿ. ಆ ಪಾತ್ರ ಮಾಡಿದ ವೆರಾ ಕ್ಲೂಜೊ ನಿರ್ದೇಶಕನ ಹೆಂಡತಿ; 1960ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಹೃದಯಾಘಾತದಿಂದಲೇ ತೀರಿಕೊಂಡಳು. ಇದು ತಿಳಿದ ಮೇಲೆ ಅವಳು ಎದೆ ಒತ್ತಿ ಹಿಡಿದು ಕತ್ತಲ ಪಡಸಾಲೆಯಲ್ಲಿ ನಡೆಯುವುದನ್ನು ಮೊದಲಿನ ಹಾಗೆ ನೋಡಲು ನನಗಾಗಲಿಲ್ಲ. ಆ ಹುಡುಗನಿಗೆ ಇದನ್ನಿನ್ನೂ ಹೇಳಿಲ್ಲ. ಎರಡನೇ ಸಲಕ್ಕೆ ಕೂರಿಸುವ ಮುಂಚೆ ಹೇಳಬೇಕು.